ಲಂಬಾಸಾದ ಕೃಷ್ಣ, ಕಂಠೀರವದ ಒಂದು ವರ್ಷ

2020ರ ಮಾರ್ಚ್ 8ರ ಸಂಜೆ. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ. ವಾರದ ಹಿಂದೆ ಕಂಠೀರವದಲ್ಲಿ ನಡೆದ ಮೊದಲ ಪಂದ್ಯವನ್ನು ಬೆಂಗಳೂರು ಎಫ್‌ಸಿ ಜಮೈಕಾದ ಡೆಶಾರ್ನ್ ಬ್ರೌನ್ ಹೊಡೆದ ಏಕೈಕ ಗೋಲಿನಿಂದ ಗೆದ್ದಿತ್ತು. ಈಗ ಐದನೇ ನಿಮಿಷದಲ್ಲೇ ಆಶಿಕ್ ಕುರುಣಿಯನ್ ಇನ್ನೊಂದು ಗೋಲು ಸೇರಿಸಿದರು. ಒಟ್ಟು ಲೆಕ್ಕದಲ್ಲಿ ಎರಡು ಗೋಲಿನ ಮುನ್ನಡೆ. ಫೈನಲ್‌ಗೆ ಕಾಲಿಟ್ಟೆವು ಎಂದು ಬೆಂಗಳೂರಿನವರು ಅಂದುಕೊಂಡಿದ್ದರೆ ತಪ್ಪೇನಿರಲಿಲ್ಲ. ಮೂವತ್ತನೇ ನಿಮಿಷದಲ್ಲಿ ಎಟಿಕೆ ತಂಡದ ರಾಯ್ ಕೃಷ್ಣ ಒಂದು ಗೋಲು ಮರಳಿಸಿದರು. ಆಟದ ದಿಕ್ಕು ಅಲ್ಲಿಗೆ ಬದಲಾಯಿತು. ಅವರ ಜೊತೆಗಾರ, ಆಸ್ಟ್ರೇಲಿಯಾದ ಡೇವಿಡ್ ವಿಲಿಯಮ್ಸ್ ದ್ವಿತೀಯಾರ್ಧದಲ್ಲಿ ಎರಡು ಗೋಲು ಹೊಡೆದರು. ಬೆಂಗಳೂರು ಮನೆಗೆ ಮರಳಿತು. ಎಟಿಕೆ ಫೈನಲ್ ತಲುಪಿತು, ಮಾರ್ಚ್ 14ರಂದು ಗೋವಾದ ಫತೋರ್ಡಾದಲ್ಲಿ, ಕೊರೊನಾ ಭಯಕ್ಕೆ ಪ್ರೇಕ್ಷಕರೇ ಇಲ್ಲದೆ ನಡೆದ ಪಂದ್ಯದಲ್ಲಿ ಚೆನ್ನೈಯಿನ್ ತಂಡವನ್ನು 3–1ರಿಂದ ಸೋಲಿಸಿ ಕಪ್ ಎತ್ತಿತು.

ಹೀಗೆ ನಮ್ಮ ಊರಿಗೆ ರಾಯ್ ಕೃಷ್ಣ ಮೊದಲು ಪರಿಚಯವಾದದ್ದು ಎದುರಾಳಿಯಾಗಿ. ಎರಡು ವರ್ಷ ಕಳೆದು, 2022ರ ಜುಲೈನಲ್ಲಿ, ಅದೇ ಆಟಗಾರ ಬೆಂಗಳೂರಿನ ನೀಲಿ ಅಂಗಿ ತೊಟ್ಟರು. ಆಗ ಅವರಿಗೆ 34 ವರ್ಷ. ಫಿಜಿ ದೇಶದ ನಾಯಕ, ಆ ದೇಶದ ಪರ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವರು.

ಅವರು ಭಾರತಕ್ಕೆ ಬಂದಂದಿನಿಂದ ಫುಟ್‌ಬಾಲ್ ನೋಡುವವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ. ಹೆಸರು ಕೃಷ್ಣ, ನೋಡೋಕೂ ನಮ್ಮವರ ಥರಾನೇ, ಇವರನ್ನ ಇಂಡಿಯಾ ಟೀಮಿಗೆ ಸೇರಿಸಿಕೊಳ್ಳೋಕಾಗಲ್ವಾ? ನಿಯಮದ ಉತ್ತರ ಸುಲಭ. ಒಂದು ದೇಶದ ಹಿರಿಯರ ತಂಡಕ್ಕೆ ಅಷ್ಟು ವರ್ಷ ಆಡಿದವರು ಇನ್ನೊಂದು ದೇಶಕ್ಕೆ ಆಡುವಂತಿಲ್ಲ. ಭಾರತವಂತೂ ತನ್ನ ಪಾಸ್‌ಪೋರ್ಟ್ ಇಲ್ಲದವರನ್ನು ಆಡಿಸುವುದೇ ಇಲ್ಲ. ನನ್ನ ತಕರಾರು ನಿಯಮದ್ದಲ್ಲ. ಪ್ರೀತಿಯಿಂದಲೇ ಕೇಳಿದರೂ ಆ ಪ್ರಶ್ನೆಯೊಳಗೆ ಒಂದು ಇಡೀ ದೇಶ ಮರೆಯಾಗಿಬಿಡುತ್ತದೆ. ಕೃಷ್ಣ ಅವರನ್ನು ಫುಟ್‌ಬಾಲ್ ಆಟಗಾರನನ್ನಾಗಿ ಮಾಡಿದ್ದು ಭಾರತದ ರಕ್ತ ಎಂದುಕೊಂಡರೆ ಫಿಜಿಯ ಕಬ್ಬಿನ ಗದ್ದೆಗಳ ನಡುವಿನ ಲಂಬಾಸಾ ಎಂಬ ಸಣ್ಣ ಪಟ್ಟಣಕ್ಕೆ, ಅಲ್ಲಿ ನಾಲ್ಕು ತಲೆಮಾರು ಕಟ್ಟಿದ ಆಟಕ್ಕೆ ಅನ್ಯಾಯವಾಗುತ್ತದೆ.

ಭಾರತೀಯರನ್ನು ಕರಾರು ಕೂಲಿಗಳಾಗಿ ಫಿಜಿಗೆ ಒಯ್ದ ಚರಿತ್ರೆಯ ಒಂದು ಎಳೆ ನಮ್ಮ ಕುಮಾರ ಪಾರ್ಕಿಗೂ ಬಂದು ಮುಟ್ಟುತ್ತದೆ. 1927ರಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು, ಜೂನ್‌ನಿಂದ ಆಗಸ್ಟ್‌ವರೆಗೆ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ಉಳಿದಿದ್ದರು. ಆ ತಿಂಗಳುಗಳ ಅವರ ಪತ್ರಗಳ ಮೇಲಿರುವುದು ಇಲ್ಲಿಯದೇ ವಿಳಾಸ. ಇಂದು ಕುಮಾರ ಪಾರ್ಕ್ ಪೂರ್ವದಲ್ಲಿರುವ ಗಾಂಧಿ ಭವನದ ಮುಂದೆ ಓಡಾಡುವ ನಮ್ಮಲ್ಲಿ ಬಹಳ ಮಂದಿಗೆ ಖಾದಿ, ಉಪ್ಪು, ಉಪವಾಸಗಳ ಗಾಂಧಿ ಗೊತ್ತು. ಅದಕ್ಕೂ ಹಿಂದೆ, 1917ರಲ್ಲಿ, ಕರಾರು ಕೂಲಿ ಪದ್ಧತಿಯನ್ನು ನಿಲ್ಲಿಸಿ ಎಂದು ದೇಶ ಸುತ್ತಿದ ಗಾಂಧಿ ಅಷ್ಟಾಗಿ ಗೊತ್ತಿಲ್ಲ. ಗೋಖಲೆ ಶಾಸನಸಭೆಯಲ್ಲಿ ಎತ್ತಿದ್ದ ಮಾತನ್ನು ಅವರು ಬೀದಿಗೆ ತಂದರು. ಸಿ.ಎಫ್. ಆಂಡ್ರೂಸ್ 1915ರಲ್ಲಿ ಫಿಜಿಗೇ ಹೋಗಿ ಕೂಲಿ ಸಾಲುಮನೆಗಳನ್ನು ಕಣ್ಣಾರೆ ಕಂಡು ಬಂದು ವರದಿ ಬರೆದರು. ಇಪ್ಪತ್ತೊಂದು ವರ್ಷ ಫಿಜಿಯಲ್ಲಿದ್ದು ಮರಳಿದ ತೋತಾರಾಮ್ ಸನಾಢ್ಯ ತಮ್ಮ ಅನುಭವವನ್ನು ಹಿಂದಿಯಲ್ಲಿ ಪುಸ್ತಕ ಮಾಡಿಸಿದರು, ಮುಂದೆ ಸಾಬರಮತಿ ಆಶ್ರಮ ಸೇರಿದರು. 1917ರಲ್ಲಿ ಹೊಸ ಕೂಲಿಗಳನ್ನು ಸಾಗಿಸುವುದು ನಿಂತಿತು. 1920ರ ಜನವರಿ 1ರಂದು ಫಿಜಿಯಲ್ಲಿ ಉಳಿದಿದ್ದ ಕರಾರುಗಳೂ ರದ್ದಾದವು.

ಫಿಜಿಯಲ್ಲಿ ಆ ಪದ್ಧತಿಯ ಆರಂಭ 1879ರಲ್ಲಿ. ಕಲ್ಕತ್ತೆಯಿಂದ ಹೊರಟ ಲಿಯೋನಿಡಾಸ್ ಎಂಬ ಹಡಗು ಆ ವರ್ಷದ ಮೇ 14ರಂದು ಫಿಜಿಯ ಲೆವುಕಾ ತಲುಪಿತು. ದಾರಿಯಲ್ಲಿ ಕಾಲರಾ, ಸಿಡುಬು ಬಡಿದಿದ್ದವು. ಬದುಕಿ ಇಳಿದವರು 463 ಮಂದಿ. ಮುಂದಿನ 37 ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಹೀಗೆ ಒಯ್ದರು. ಮೊದಮೊದಲು ಬಿಹಾರ, ಅವಧ್ ಕಡೆಯವರು. 1903ರಿಂದ ಮದ್ರಾಸ್ ಬಂದರಿನಿಂದ ತಮಿಳರು, ತೆಲುಗರು, ಮಲಯಾಳಿಗಳು. ಕರಾರು ಐದು ವರ್ಷದ್ದು. ಗಂಡಾಳಿಗೆ ದಿನಕ್ಕೆ ಒಂದು ಶಿಲ್ಲಿಂಗ್, ಹೆಣ್ಣಾಳಿಗೆ ಒಂಬತ್ತು ಪೆನ್ಸ್, ಅದೂ ಹಾಕಿಕೊಟ್ಟ ಕೆಲಸ ಪೂರ್ತಿ ಮುಗಿಸಿದರೆ. ಹಡಗಿನ ಖರ್ಚು ಸರ್ಕಾರ ಕೊಟ್ಟು ಊರಿಗೆ ಕಳಿಸಬೇಕಾದರೆ ಹತ್ತು ವರ್ಷ ಅಲ್ಲೇ ಕಳೆದಿರಬೇಕು. ಅಷ್ಟರಲ್ಲಿ ಮಕ್ಕಳು ಹುಟ್ಟಿರುತ್ತಿದ್ದವು, ಊರಿನ ಹಾದಿ ಮರೆತಿರುತ್ತಿತ್ತು. ಬಹಳ ಮಂದಿ ಅಲ್ಲೇ ನಿಂತರು. ಆಸ್ಟ್ರೇಲಿಯಾದ ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿ 1894ರಲ್ಲಿ ವನುವಾ ಲೆವು ದ್ವೀಪದ ಲಂಬಾಸಾದಲ್ಲಿ ಸಕ್ಕರೆ ಕಾರ್ಖಾನೆ ತೆರೆಯಿತು. ಪಟ್ಟಣ ಬೆಳೆದದ್ದು ಅದರ ಸುತ್ತ. ಮಂಡ್ಯದ ಸಕ್ಕರೆ ಕಾರ್ಖಾನೆಯ ಸುತ್ತ ಒಂದು ಲೋಕ ಬೆಳೆದದ್ದನ್ನು ಕಂಡವರಿಗೆ ಲಂಬಾಸಾವನ್ನು ಊಹಿಸಿಕೊಳ್ಳುವುದು ಕಷ್ಟವಾಗದು.

ರಾಯ್ ಕೃಷ್ಣ ಹುಟ್ಟಿದ್ದು ಈ ಲಂಬಾಸಾದಲ್ಲಿ, ಈ ಕರಾರು ಕೂಲಿಗಳ ವಂಶದಲ್ಲಿ.

ಫಿಜಿಯ ಮೂಲನಿವಾಸಿಗಳಿಗೂ ಅಲ್ಲಿದ್ದ ಬಿಳಿಯರಿಗೂ ರಗ್ಬಿ ಪ್ರಾಣ. ಭಾರತೀಯ ಮೂಲದವರು ಹಿಡಿದದ್ದು ಫುಟ್‌ಬಾಲ್. ಅದಕ್ಕೆ ಬೇಕಾದದ್ದು ಒಂದು ಚೆಂಡು, ಕಬ್ಬು ಕಡಿದ ಮೇಲೆ ಉಳಿದ ಬಯಲು. 1938ರಲ್ಲಿ ಫಿಜಿ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. ಅದೇ ವರ್ಷ ಜಿಲ್ಲೆಗಳ ನಡುವಿನ ಟೂರ್ನಿ ಶುರುವಾಯಿತು. ಮೊದಲ ಬಾರಿ ಗೆದ್ದದ್ದು ರೇವಾ. ಅಂದಿನಿಂದ ಅಂತರ ಜಿಲ್ಲಾ ಟೂರ್ನಿ ಫಿಜಿಯ ಭಾರತೀಯರಿಗೆ ಊರಹಬ್ಬವೇ. 1961ರಲ್ಲಿ ಸಂಸ್ಥೆಯ ಹೆಸರಿನಿಂದ ‘ಇಂಡಿಯನ್’ ಪದವನ್ನು ಕೈಬಿಟ್ಟು ಎಲ್ಲ ಜನಾಂಗದವರಿಗೂ ಬಾಗಿಲು ತೆರೆದರು. ಈ ನಿರ್ಧಾರವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಕೂಲಿಗಳ ಮಕ್ಕಳು ಕಟ್ಟಿದ ಆಟ ಇಡೀ ದೇಶದ ಆಟವಾಯಿತು. ಇಂದು ರಾಷ್ಟ್ರೀಯ ತಂಡದಲ್ಲಿ ಮೂಲನಿವಾಸಿಗಳೇ ಹೆಚ್ಚು, ಭಾರತೀಯ ಮೂಲದವರು ಬೆರಳೆಣಿಕೆಯಷ್ಟು. ಆ ತಂಡಕ್ಕೆ ಕೃಷ್ಣ ಎಂಬ ಹೆಸರಿನವರು ನಾಯಕರಾದರು.

ಅವರ ಹುಟ್ಟಿದ ದಿನವನ್ನೊಮ್ಮೆ ನೋಡಿ: 1987ರ ಆಗಸ್ಟ್ 30. ಆ ವರ್ಷದ ಮೇ 14ರಂದು, ಲಿಯೋನಿಡಾಸ್ ಹಡಗು ಬಂದ ತಾರೀಖಿನಂದೇ, ಫಿಜಿಯಲ್ಲಿ ಮೊದಲ ಸೇನಾ ಕ್ಷಿಪ್ರಕ್ರಾಂತಿ ನಡೆದಿತ್ತು. ಭಾರತೀಯ ಮೂಲದವರ ಬೆಂಬಲದಿಂದ ಚುನಾಯಿತವಾಗಿದ್ದ ಸರ್ಕಾರವನ್ನು ಕೆಳಗಿಳಿಸಿದ್ದರು. ಸೆಪ್ಟೆಂಬರ್ 25ರಂದು ಎರಡನೆಯ ಕ್ರಾಂತಿ. ಆ ಎರಡರ ನಡುವೆ ಹುಟ್ಟಿದ ಕೂಸು ಇದು. ಕೃಷ್ಣ ಹನ್ನೆರಡರ ಹುಡುಗನಾಗಿದ್ದಾಗ, 2000ದ ಮೇ ತಿಂಗಳಲ್ಲಿ, ಭಾರತೀಯ ಮೂಲದ ಮೊದಲ ಪ್ರಧಾನಿ ಮಹೇಂದ್ರ ಚೌಧರಿಯನ್ನು ಸಂಸತ್ತಿನೊಳಗೇ ಒತ್ತೆ ಹಿಡಿದರು. ಈ ವರ್ಷಗಳಲ್ಲಿ ಸಾವಿರಾರು ಕುಟುಂಬಗಳು ಆಕ್ಲೆಂಡ್, ಸಿಡ್ನಿ, ವ್ಯಾಂಕೂವರ್ ಕಡೆ ಗಂಟುಮೂಟೆ ಕಟ್ಟಿದವು. ಒಂದು ಕಾಲಕ್ಕೆ ದೇಶದ ಸುಮಾರು ಅರ್ಧದಷ್ಟಿದ್ದವರು ಈಗ ಮೂರರಲ್ಲೊಂದು ಪಾಲಿನ ಆಸುಪಾಸು. ಹೀಗೆ ದೇಶ ಬಿಟ್ಟು ಹೋಗುವ ಕಾಲದಲ್ಲಿ ಬೆಳೆದ ಹುಡುಗನೊಬ್ಬ ಅದೇ ದೇಶದ ಅಂಗಿ ತೊಟ್ಟು ಹದಿನೈದು ವರ್ಷಕ್ಕೂ ಹೆಚ್ಚು ಆಡಿದ್ದಾರೆ.

ಫಿಜಿ ಎಷ್ಟು ಸಣ್ಣದು? ಮುನ್ನೂರಕ್ಕೂ ಹೆಚ್ಚು ದ್ವೀಪಗಳಿದ್ದರೂ ನೆಲವೆಲ್ಲ ಸೇರಿ ಸುಮಾರು 18,000 ಚದರ ಕಿಲೋಮೀಟರ್, ಕರ್ನಾಟಕದ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಜನ ಸುಮಾರು ಒಂಬತ್ತು ಲಕ್ಷ. ಪುರುಷರ ತಂಡ ಇದುವರೆಗೆ ವಿಶ್ವಕಪ್ ಆಡಿಲ್ಲ. ಅವರ ಹೆಮ್ಮೆಯ ದಿನಗಳು ಬೇರೆ ರೀತಿಯವು. 1988ರ ನವೆಂಬರ್ 26ರಂದು ಫಿಜಿಯ ನಂದಿ ಪಟ್ಟಣದಲ್ಲಿ ಆಸ್ಟ್ರೇಲಿಯಾವನ್ನು ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ 1–0ಯಿಂದ ಸೋಲಿಸಿದ್ದು ಅಂಥ ಒಂದು ದಿನ. ಮರುಪಂದ್ಯದಲ್ಲಿ ಆಸ್ಟ್ರೇಲಿಯಾ ಐದು ಗೋಲು ಹೊಡೆಯಿತು. ಆದರೂ ಫಿಜಿಯವರಿಗೆ ನೆನಪಿರುವುದು ಆ ಒಂದು ಗೋಲೇ.

ಇನ್ನೊಂದು ಅಂಥ ದಿನವನ್ನು ಕೃಷ್ಣ ತಾವೇ ಕೊಟ್ಟರು. 2008ರ ನವೆಂಬರ್ 19, ಲೌಟೋಕಾ. ಎದುರಾಳಿ ನ್ಯೂಜಿಲೆಂಡ್. ವಿಶ್ವಕಪ್ ಅರ್ಹತೆಯ ಗುಂಪಿನಲ್ಲಿ ಅದರ ಮೊದಲ ಸ್ಥಾನ ಆಗಲೇ ಖಚಿತವಾಗಿತ್ತು ಎಂಬುದನ್ನು ಹೇಳಲೇಬೇಕು. ಆದರೂ ಫಿಜಿ 2–0ಯಿಂದ ಗೆದ್ದಿತು, ಎರಡೂ ಗೋಲು 21ರ ಹರೆಯದ ಕೃಷ್ಣ ಅವರವು. ಅದೇ ನ್ಯೂಜಿಲೆಂಡ್ 2010ರ ವಿಶ್ವಕಪ್‌ಗೆ ಹೋಗಿ ಆಗಿನ ಚಾಂಪಿಯನ್ ಇಟಲಿಯನ್ನು 1–1ರಲ್ಲಿ ತಡೆದು, ಒಂದೂ ಪಂದ್ಯ ಸೋಲದೆ ಮರಳಿತು.

ಸಣ್ಣ ದೇಶದ ಆಟಗಾರನಿಗೆ ತನ್ನ ದೇಶದ ಅಂಗಿಯಿಂದ ಹೊಟ್ಟೆ ತುಂಬುವುದಿಲ್ಲ. ಲಂಬಾಸಾದಿಂದ ಅವರು ಆಕ್ಲೆಂಡ್ ಪಕ್ಕದ ವೈಟಾಕೆರೆ ಯುನೈಟೆಡ್‌ಗೆ ಹೋದರು, ಐದು ವರ್ಷ ಆಡಿದರು. 2013ರಲ್ಲಿ ಆಕ್ಲೆಂಡ್ ಸಿಟಿ ಸೇರಿ ಆ ಡಿಸೆಂಬರ್‌ನಲ್ಲಿ ಮೊರಾಕೊದ ಕ್ಲಬ್ ವಿಶ್ವಕಪ್ ಆಡಿದರು. ಆತಿಥೇಯ ರಾಜಾ ಕಾಸಾಬ್ಲಾಂಕಾ ವಿರುದ್ಧ ಸಮಬಲದ ಗೋಲು ಹೊಡೆದರು. ಕೊನೆಗಳಿಗೆಯಲ್ಲಿ ರಾಜಾ ಗೆದ್ದಿತು, ಮುಂದೆ ಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ಎದುರಿಗೂ ಆಡಿತು. 2014ರ ಆರಂಭದಲ್ಲಿ ಕೃಷ್ಣ ವೆಲಿಂಗ್ಟನ್ ಫೀನಿಕ್ಸ್‌ಗೆ ಬಂದರು. ಅಲ್ಲಿನ ಐದಾರು ಋತುಗಳಲ್ಲಿ ಆ ಕ್ಲಬ್ಬಿನ ಅತಿ ಹೆಚ್ಚು ಗೋಲುಗಳ ಆಟಗಾರನಾದರು. 2018–19ರಲ್ಲಿ 18 ಗೋಲು, ಎ-ಲೀಗ್‌ನ ಗೋಲ್ಡನ್ ಬೂಟ್, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಜಾನಿ ವಾರೆನ್ ಪದಕ.

ನಡುವೆ ಬಂದದ್ದು ರಿಯೋ ಒಲಿಂಪಿಕ್ಸ್. ಅದರ ಅರ್ಹತೆ 2015ರ ಪೆಸಿಫಿಕ್ ಕ್ರೀಡಾಕೂಟದಲ್ಲಿ ನಿರ್ಧಾರವಾಯಿತು. ಅರ್ಹತೆಯಿಲ್ಲದ ಆಟಗಾರನನ್ನು ಆಡಿಸಿದ್ದಕ್ಕೆ ನ್ಯೂಜಿಲೆಂಡ್ ಹೊರಬಿತ್ತು. ವನುವಾಟುವನ್ನು ಪೆನಾಲ್ಟಿಯಲ್ಲಿ ಮಣಿಸಿ ಫಿಜಿ ಮೊದಲ ಬಾರಿಗೆ ಒಲಿಂಪಿಕ್ ಫುಟ್‌ಬಾಲ್‌ಗೆ ಹೋಯಿತು. 23 ದಾಟಿದವರು ತಂಡಕ್ಕೆ ಮೂವರೇ. ಅವರಲ್ಲಿ ಒಬ್ಬರಾದ ಕೃಷ್ಣ ನಾಯಕ.

2016ರ ಆಗಸ್ಟ್ 4ರಂದು ದಕ್ಷಿಣ ಕೊರಿಯಾ ಎಂಟು ಗೋಲು ಹೊಡೆಯಿತು. ಮೂರು ದಿನ ಬಿಟ್ಟು, ಹಾಲಿ ಚಾಂಪಿಯನ್ ಮೆಕ್ಸಿಕೊ ಎದುರು ಸಾಲ್ವಡಾರ್‌ನಲ್ಲಿ ಎರಡನೇ ಪಂದ್ಯ. ಹತ್ತನೇ ನಿಮಿಷದಲ್ಲಿ ಬಂದ ಚೆಂಡಿಗೆ ಕೃಷ್ಣ ತಲೆ ಕೊಟ್ಟರು. ಗೋಲು. ಒಂಬತ್ತು ಲಕ್ಷ ಜನರ ದೇಶ ಒಲಿಂಪಿಕ್ ಚಾಂಪಿಯನ್ನರಿಗಿಂತ ಮುಂದಿತ್ತು, ಮಧ್ಯಂತರದವರೆಗೂ ಮುಂದೇ ಇತ್ತು. ಆಮೇಲೆ ಎರಿಕ್ ಗುಟಿಯೆರೆಸ್ ಒಬ್ಬರೇ ನಾಲ್ಕು ಗೋಲು ಹೊಡೆದರು, ಪಂದ್ಯ 5–1 ಆಯಿತು. 10ರಂದು ಜರ್ಮನಿ ಹತ್ತು ಗೋಲು ಬಾರಿಸಿತು. ಮೂರು ಪಂದ್ಯ, ಬಿಟ್ಟುಕೊಟ್ಟದ್ದು 23, ಹೊಡೆದದ್ದು ಒಂದು. ಮರುದಿನ, 11ರಂದು, ಫಿಜಿಯ ರಗ್ಬಿ ಸೆವೆನ್ಸ್ ತಂಡ ಬ್ರಿಟನ್ನನ್ನು 43–7ರಿಂದ ಸೋಲಿಸಿ ದೇಶಕ್ಕೆ ಮೊಟ್ಟಮೊದಲ ಒಲಿಂಪಿಕ್ ಪದಕ, ಅದೂ ಚಿನ್ನ ತಂದಿತು. ದೇಶವೆಲ್ಲ ಕುಣಿಯಿತು. ಫುಟ್‌ಬಾಲ್ ತಂಡದ ನೆನಪು ಆ ಸಂಭ್ರಮದಲ್ಲಿ ಮಸುಕಾಗಿದ್ದರೆ ಅಚ್ಚರಿಯಿಲ್ಲ. ಆದರೆ ಒಲಿಂಪಿಕ್ಸ್ ಫುಟ್‌ಬಾಲ್ ದಾಖಲೆಯಲ್ಲಿ ಫಿಜಿಯ ಹೆಸರಿನ ಮುಂದಿರುವ ಆ ಒಂದು ಗೋಲು ಕಬ್ಬಿನ ಗದ್ದೆಯ ವಂಶದವರದ್ದು.

ಒಂಟಿ ಗೋಲಿನ ಬೆಲೆ ಬೆಂಗಳೂರಿಗೆ ತಿಳಿಯದ್ದೇನಲ್ಲ. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಫ್ರಾನ್ಸ್ ಎದುರು ಆಡಿ 1–2ರಿಂದ ಸೋತಾಗ ಭಾರತದ ಗೋಲು ಹೊಡೆದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಆ ತಂಡದಲ್ಲೇ ಇದ್ದರು ಬೆಂಗಳೂರಿನ ಅಹ್ಮದ್ ಖಾನ್. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಭಾರತವನ್ನು 10–1ರಿಂದ ಮಣಿಸಿದಾಗ ಆ ಒಂದು ಗೋಲು ಇವರದ್ದು. ಬೆಂಗಳೂರು ಮುಸ್ಲಿಮ್ಸ್ ಕ್ಲಬ್ಬಿನಲ್ಲಿ ಆಡಿದವರು ಇವರು. ಆ ಕ್ಲಬ್ 1937ರಲ್ಲೇ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು, ಸೇನಾ ತಂಡಗಳ ಹಿಡಿತದಲ್ಲಿದ್ದ ಕಪ್ ಅದು. 1949ರಲ್ಲಿ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಪ್ಪಾರಾವ್, ಸಾಲೆ, ಧನರಾಜ್, ವೆಂಕಟೇಶ್ ಜೊತೆ ಐವರು ಪಾಂಡವರೆನಿಸಿದರು. ಆಡುವ ಹುಡುಗರನ್ನು ಕಲ್ಕತ್ತೆಗೆ ಕಳಿಸುವುದು ನಮ್ಮ ಊರಿನ ಅಂದಿನ ಪಾಡು. ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅಷ್ಟು ಹೊತ್ತಿಗೆ ಗಾಳಿ ತಿರುಗಿತ್ತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಎರಡು ಬಾರಿ ಐ-ಲೀಗ್ ಗೆದ್ದು, ಏಷ್ಯಾದ ಎಎಫ್‌ಸಿ ಕಪ್ ಫೈನಲ್ ಆಡಿ, ಹೊರಗಿನವರು ಬಂದು ಸೇರಬಯಸುವ ಕ್ಲಬ್ ಆಗಿತ್ತು.

2019ರಲ್ಲಿ ಕೃಷ್ಣ ಬಂದಿಳಿದದ್ದೂ ಕೋಲ್ಕತ್ತಕ್ಕೇ. ಮೊದಲ ಋತುವಿನಲ್ಲಿ 15 ಗೋಲು, ಕಪ್. ಎಟಿಕೆ ಮೋಹನ್ ಬಾಗಾನ್ ಆದ ಮೇಲೆ, ಗೋವಾದಲ್ಲಿ ಬಾಗಿಲು ಮುಚ್ಚಿ ನಡೆದ 2020–21ರ ಲೀಗ್‌ನಲ್ಲಿ 14 ಗೋಲು, ಲೀಗ್‌ನ ಶ್ರೇಷ್ಠ ಆಟಗಾರನ ಗೋಲ್ಡನ್ ಬಾಲ್. ಒಂದು ಋತು ಮಂಕಾದ ಮೇಲೆ ಕ್ಲಬ್ ಅವರನ್ನು ಬಿಟ್ಟುಕೊಟ್ಟಿತು. ಬೆಂಗಳೂರು ಕರೆಯಿತು.

ಆ ವರ್ಷ ಕಂಠೀರವದಲ್ಲಿ ಇಬ್ಬರು ನಾಯಕರು ಒಂದೇ ಕೋಣೆಯಲ್ಲಿ ಬೂಟು ಕಟ್ಟಿಕೊಳ್ಳುತ್ತಿದ್ದರು. ಭಾರತದ ಸಾರ್ವಕಾಲಿಕ ಗೋಲುವೀರ ಸುನಿಲ್ ಛೆಟ್ರಿ, ಫಿಜಿಯ ಸಾರ್ವಕಾಲಿಕ ಗೋಲುವೀರ ರಾಯ್ ಕೃಷ್ಣ. ತರಬೇತುದಾರ ಇಂಗ್ಲೆಂಡಿನ ಸೈಮನ್ ಗ್ರೇಸನ್. 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಬೆಂಗಳೂರು ಮೊದಲ ಬಾರಿಗೆ ಡ್ಯುರಾಂಡ್ ಕಪ್ ಗೆದ್ದಿತು, 1888ರಲ್ಲಿ ಶಿಮ್ಲಾದಲ್ಲಿ ಶುರುವಾದ ಹಳೆಯ ಕಪ್. ಲೀಗ್‌ನಲ್ಲಿ ಮಾತ್ರ ತಂಡ ತತ್ತರಿಸಿತು; ಒಂದರ ಮೇಲೊಂದು ಸೋಲು. ಆಮೇಲೆ ಅದೇನಾಯಿತೋ, ಕೊನೆಯ ಎಂಟು ಲೀಗ್ ಪಂದ್ಯಗಳನ್ನೂ ಸಾಲಾಗಿ ಗೆದ್ದು ನಾಲ್ಕನೇ ಸ್ಥಾನಕ್ಕೆ ಏರಿತು. ಮುಂದಣ ಸಾಲಿನಲ್ಲಿ ಕೃಷ್ಣ ಅವರ ಪಕ್ಕ ಆಡುತ್ತಿದ್ದವರು 21ರ ಹುಡುಗ ಶಿವಶಕ್ತಿ. ಎದುರಾಳಿ ಡಿಫೆಂಡರ್‌ಗಳನ್ನು ಕೃಷ್ಣ ತಮ್ಮ ಹಿಂದೆ ಎಳೆದುಕೊಂಡು ಓಡುತ್ತಿದ್ದರು, ಖಾಲಿಯಾದ ಜಾಗಕ್ಕೆ ಹುಡುಗ ನುಗ್ಗುತ್ತಿದ್ದ. 35 ತುಂಬಿದವರು ನಿಂತಲ್ಲೇ ನಿಂತು ಚೆಂಡಿಗೆ ಕಾಯುತ್ತಾರೆ ಎಂದುಕೊಂಡಿದ್ದವರಿಗೆ ಅದು ಕಣ್ಣಿಗೆ ಹಬ್ಬ. ಗೋಲಿನ ಪಟ್ಟಿಯಲ್ಲಿ ಈ ಓಟ ದಾಖಲಾಗುವುದಿಲ್ಲ. ಬೆಂಗಳೂರಿನಲ್ಲಿ ಅವರು ಮಾಡಿದ ದೊಡ್ಡ ಕೆಲಸ ಅದೇ ಎಂದು ನನ್ನ ತೀರ್ಮಾನ.

2023ರ ಮಾರ್ಚ್ ಮೊದಲ ವಾರವನ್ನು ಈ ಊರಿನ ಫುಟ್‌ಬಾಲ್ ಮಂದಿ ಮರೆಯಲಾರರು. 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ನಾಕೌಟ್ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ ಛೆಟ್ರಿ ಥಟ್ಟನೆ ಹೊಡೆದ ಫ್ರೀ ಕಿಕ್ ಗೋಲಾಯಿತು, ಪ್ರತಿಭಟಿಸಿ ಬ್ಲಾಸ್ಟರ್ಸ್ ಅಂಗಳ ಬಿಟ್ಟು ನಡೆಯಿತು. ಮರುದಿನ, 4ರಂದು, ದೂರದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ, 1968–69ರಲ್ಲಿ, ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು. 12ರಂದು ಕಂಠೀರವದಲ್ಲಿ ಮುಂಬೈ ಸಿಟಿ ಎದುರಿನ ಸೆಮಿಫೈನಲ್ ಪೆನಾಲ್ಟಿಗೆ ಹೋಗಿ, 9–8ರಲ್ಲಿ ಮುಗಿದಾಗ ಬೆಂಗಳೂರು ಫೈನಲ್‌ನಲ್ಲಿತ್ತು.

18ರಂದು ಫತೋರ್ಡಾ. ಎದುರಿಗೆ ನಿಂತದ್ದು ಕೃಷ್ಣ ಅವರ ಹಳೆಯ ಮನೆ, ಎಟಿಕೆ ಮೋಹನ್ ಬಾಗಾನ್. ದಿಮಿತ್ರಿ ಪೆಟ್ರಾಟೋಸ್ ಪೆನಾಲ್ಟಿಯಿಂದ ಗೋಲು ಹೊಡೆದರು, ಛೆಟ್ರಿ ಪೆನಾಲ್ಟಿಯಿಂದಲೇ ಸರಿದೂಗಿಸಿದರು. 78ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಕೃಷ್ಣ ತಲೆ ಕೊಟ್ಟರು, 2–1. ಸಾಲ್ವಡಾರ್‌ನಲ್ಲಿ ಮೆಕ್ಸಿಕೊಗೆ ಹೊಡೆದಂಥದೇ ಹೆಡರ್. ಹಳೆಯ ಕ್ಲಬ್ಬಿನ ಎದುರು, ಕಪ್ ಹನ್ನೆರಡು ನಿಮಿಷದ ದೂರದಲ್ಲಿ. ಏಳು ನಿಮಿಷದಲ್ಲಿ ಪೆಟ್ರಾಟೋಸ್ ಮತ್ತೊಂದು ಪೆನಾಲ್ಟಿ ಹೊಡೆದು ಸಮ ಮಾಡಿದರು. ಶೂಟೌಟ್‌ನಲ್ಲಿ ಬೆಂಗಳೂರು 4–3ರಿಂದ ಸೋತಿತು. ಏಪ್ರಿಲ್ 25ರಂದು ಕೋಯಿಕ್ಕೋಡಿನಲ್ಲಿ ಸೂಪರ್ ಕಪ್ ಫೈನಲ್, ಒಡಿಶಾ ಎದುರು 1–2ರ ಸೋಲು. ಒಂದೇ ಋತುವಿನಲ್ಲಿ ಮೂರು ಫೈನಲ್, ಒಂದು ಕಪ್.

ಆ ಬೇಸಗೆಯಲ್ಲಿ ಕೃಷ್ಣ ಬೆಂಗಳೂರು ಬಿಟ್ಟು ತಮ್ಮನ್ನು ಸೋಲಿಸಿದ ಒಡಿಶಾಕ್ಕೇ ಹೋದರು. ವಯಸ್ಸಾಯಿತೆಂದು ಬಿಟ್ಟದ್ದಾದರೆ ಆ ಲೆಕ್ಕ ತಪ್ಪಿತು. 2023–24ರಲ್ಲಿ ಅವರು ಹೊಡೆದದ್ದು 13 ಗೋಲು. ಆ ಲೀಗ್‌ನಲ್ಲಿ ಅದಕ್ಕಿಂತ ಹೆಚ್ಚು ಯಾರೂ ಹೊಡೆಯಲಿಲ್ಲ. ಅಷ್ಟೇ ಗೋಲನ್ನು ಕಡಿಮೆ ಪಂದ್ಯಗಳಲ್ಲಿ ಹೊಡೆದ ಬ್ಲಾಸ್ಟರ್ಸ್‌ನ ಡಿಯಾಮಂಟಕೋಸ್‌ಗೆ ಗೋಲ್ಡನ್ ಬೂಟ್ ಹೋಯಿತು. ಫಿಜಿ ಕರೆದಾಗಲೆಲ್ಲ ಅವರು ಭುವನೇಶ್ವರದಿಂದ ಸಮುದ್ರ ದಾಟಿ ಹೋಗಿ ನಾಯಕನ ಪಟ್ಟಿ ತೋಳಿಗೆ ಕಟ್ಟಿಕೊಂಡರು. 2024ರ ಕೊನೆಯಲ್ಲಿ ಗಾಯವೊಂದು ಒಡಿಶಾದ ಅವರ ಎರಡನೇ ಋತುವನ್ನು ನಡುವಿನಲ್ಲೇ ನಿಲ್ಲಿಸಿತು. ಆಗ ಅವರಿಗೆ 37.